ಬಾಯಿಯ ಸಾಕ್ಷಿಯೂ ಕೈಯ ಸಾಕ್ಷಿಯೂ



ನಮ್ಮ ಗ್ರಾಮಸಭೆಗಳಲ್ಲಿ ಆಗಾಗ್ಗೆ ಎದ್ದುಬರುವ ಒಂದು ಪ್ರಶ್ನೆಯನ್ನು ಈ ಸಾರಿ ನಿಮ್ಮ ಮುಂದೆ ಇಡಲು ಮನಸ್ಸು ಮಾಡಿದ್ದೇವೆ. ಕ್ರೈಸ್ತನು ತನ್ನ ನಂಬಿಕೆಯನ್ನು ನೆರೆಯವರಿಗೆ ಬಾಯಿಂದ ತಿಳಿಸಬೇಕೋ, ನಡತೆಯಿಂದ ತೋರಿಸಬೇಕೋ? ಎರಡೂ ಬೇಕೆಂದು ಎಲ್ಲರೂ ಕೂಡಲೆ ಉತ್ತರ ಕೊಡುವರು. ಆ ಉತ್ತರವು ಸರಿಯೇ. ಆದರೆ ಅಷ್ಟಕ್ಕೆ ಪ್ರಶ್ನೆಯು ಮುಗಿಯುವದಿಲ್ಲ. ನಡತೆಯಲ್ಲಿ ಕುಂದುಳ್ಳವನು ಏನು ಮಾಡಬೇಕು? ಕುಂದು ತೀರುವ ತನಕ ಅವನು ಬಾಯಿ ಮುಚ್ಚಿಕೊಂಡಿರಬೇಕೋ? ಹಾಗಾದರೆ ನಮ್ಮಲ್ಲಿ ಬಾಯಿ ತೆರೆಯತಕ್ಕವರು ಎಷ್ಟು ಮಂದಿ ಉಳಿದಾರು? ಇಲ್ಲವೆ, ಕುಂದು ಇದ್ದರೂ ಮಾತಾಡುತ್ತಲೇ ಇರಬೇಕೋ? ಹಾಗಾದರೆ ಕೇಳುವವರು ನಮ್ಮನ್ನು ಏನೆನ್ನುವರು? ಈ ಪ್ರಶ್ನೆಯು ನಮಗೆ ಪುಸ್ತಕದಿಂದ ಬಂದದ್ದಲ್ಲ. ಒಬ್ಬ ಮುದಿ ಒಕ್ಕಲಿಗನ ಬಾಯಿಂದ, ಸಂತೆಯ ದಾರಿಯಲ್ಲಿ ಬಂದದ್ದು.

ಕೆಲವು ವರುಷಗಳ ಹಿಂದೆ, ನಾವು ಸೇವೆ ಮಾಡುತ್ತಿದ್ದ ಒಂದು ಹಳ್ಳಿಯಲ್ಲಿ, ಸಂತೆಯಿಂದ ಹಿಂದಿರುಗುವಾಗ ಆ ಹಿರಿಯನು ನಮ್ಮ ಜೊತೆಗೆ ನಡೆದು ಬಂದನು. ಅವನು ನಮ್ಮ ಸಭೆಗೆ ಸೇರಿದವನಲ್ಲ. ಆದರೂ ನಮ್ಮ ಮಾತನ್ನು ಆದರದಿಂದ ಕೇಳುವವನು. ಆ ದಿನವೂ ನಾವು ದೇವರ ಪ್ರೀತಿಯ ವಿಷಯವಾಗಿ ಅವನೊಂದಿಗೆ ಮಾತಾಡಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಹೀಗೆಂದನು: “ಅಯ್ಯನವರೇ, ನಿಮ್ಮ ಮಾತು ಒಳ್ಳೇದು. ಆದರೆ ನಿಮ್ಮ ಗುಡಿಯಲ್ಲಿ ಮುಂದೆ ನಿಂತು ಹಾಡುವವನು ಎರಡು ವರುಷದ ಹಿಂದೆ ಬಿತ್ತಿಗೆಯ ಕಾಲದಲ್ಲಿ ನನ್ನ ಎತ್ತುಗಳನ್ನು ಆರು ದಿವಸ ಕೂರಿಗೆಗೆ ಹೂಡಿದನು. ಬಾಡಿಗೆ ಇಂದಿನ ತನಕ ಕೊಟ್ಟಿಲ್ಲ. ಕೇಳಿದರೆ ಇಂದು ನಾಳೆ ಅನ್ನುತ್ತಾನೆ. ಆ ಹೊಲದಲ್ಲಿ ಬೆಳೆದ ಜೋಳವನ್ನೇ ನಿಮ್ಮ ಬೆಳೆಹಬ್ಬದಲ್ಲಿ ಒಂದು ಚೀಲ ದೇವರಿಗೆ ಕೊಟ್ಟನಂತೆ. ನನ್ನ ಎತ್ತು ದುಡಿದದ್ದು ದೇವರಿಗೆ ಮುಟ್ಟಿತು. ನನಗೆ ಮುಟ್ಟಬೇಕಾದದ್ದು ಎಲ್ಲಿ ಉಳಿಯಿತು?”

ನಮಗೆ ಉತ್ತರ ತೋಚಲಿಲ್ಲ. ಅದಕ್ಕಿಂತಲೂ ನಾಚಿಕೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಆ ಬಾಡಿಗೆಯ ಮಾತು ನಮ್ಮ ಕಿವಿಗೆ ಮುಂಚೆಯೇ ಬಿದ್ದಿತ್ತು. ಆದರೆ ನಾವು ವಿಚಾರಿಸದೆ ಬಿಟ್ಟಿದ್ದೆವು. ಯಾಕಂದರೆ ಆ ಸಹೋದರನು ಚೆನ್ನಾಗಿ ಹಾಡುವವನು, ಆರಾಧನೆಗೆ ತಪ್ಪದೆ ಬರುವವನು, ಕಾಣಿಕೆಯಲ್ಲಿ ಕೈ ಹಿಡಿಯದವನು. ಇಂಥವನನ್ನು ನೋಯಿಸುವದು ಹೇಗೆಂದು ಸುಮ್ಮನಾಗಿದ್ದೆವು. ಆದಕಾರಣ ಆ ಹಿರಿಯನ ಮಾತು ಒಬ್ಬನಿಗೆ ಮಾತ್ರವಲ್ಲ, ನಮಗೂ ತಗಲಿತು.

ಈ ವಿಷಯದಲ್ಲಿ ಮನುಷ್ಯರು ಎರಡು ಕಡೆಗೆ ಜಾರುವದನ್ನು ನಾವು ನೋಡಿದ್ದೇವೆ. ಮೊದಲನೆಯ ಗುಂಪಿನವರು, ನಂಬಿಕೆಯೆಂದರೆ ಬಾಯಿಯ ಕೆಲಸವೆಂದು ಎಣಿಸುತ್ತಾರೆ. ಭಾನುವಾರದ ಹಾಡು, ಪ್ರಾರ್ಥನೆ, ಸಾಕ್ಷಿ ಇವು ಒಂದು ಕಡೆ. ಸೋಮವಾರದ ತಕ್ಕಡಿ, ಕೂಲಿ, ಸಾಲ ಇವು ಇನ್ನೊಂದು ಕಡೆ. ನಡುವೆ ಒಂದು ಗೋಡೆ. ದೇವರಾದರೋ ಆ ಗೋಡೆಯನ್ನು ಒಪ್ಪಿದ್ದಿಲ್ಲ. ಧರ್ಮೋಪದೇಶಕಾಂಡದಲ್ಲಿ ಒಂದೇ ಚೀಲದೊಳಗೆ ಹೆಚ್ಚು ತೂಕದ ಕಲ್ಲನ್ನೂ ಕಡಿಮೆ ತೂಕದ ಕಲ್ಲನ್ನೂ ಇಟ್ಟುಕೊಳ್ಳಬಾರದೆಂದು ಆಜ್ಞೆಯುಂಟು. ಕೂಲಿಯವರಿಂದ ತಡೆಹಿಡಿದ ಸಂಬಳವು ತಾನೇ ಕೂಗಿಕೊಳ್ಳುತ್ತದೆಂದೂ ಆ ಕೂಗು ದೇವರ ಕಿವಿಗೆ ಮುಟ್ಟಿದೆಯೆಂದೂ ಯಾಕೋಬನು ಬರೆದನು. ನಮ್ಮ ಕರ್ತನು ಪರ್ವತಪ್ರಸಂಗದಲ್ಲಿ, ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದವನಿಗೆ ಸಹೋದರನ ಮನಸ್ಸು ತನ್ನ ಮೇಲೆ ನೊಂದದ್ದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕೆಂದು ಕಲಿಸಿದನು. ಜೋಳದ ಚೀಲದ ಸಂಗತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ತೀರ್ಮಾನಿಸಬಲ್ಲರು?

ಎರಡನೆಯ ಗುಂಪಿನವರು ಬೇರೆ ತರದವರು. ಇವರು, “ನಮ್ಮ ನಡತೆಯೇ ಸಾಕ್ಷಿ, ಮಾತು ಯಾಕೆ?” ಎಂದು ಹೇಳುತ್ತಾರೆ. ಈ ಮಾತಿನಲ್ಲಿ ವಿನಯವೂ ಇದೆ, ಕೆಲವು ಸಾರಿ ಭಯವೂ ಇದೆ. ವಿನಯವನ್ನು ನಾವು ಗೌರವಿಸುತ್ತೇವೆ. ಆದರೆ ಒಂದು ಸಂಗತಿಯನ್ನು ಯೋಚಿಸಿರಿ. ನಮ್ಮ ನೆರೆಯವನು ನಮ್ಮ ಒಳ್ಳೇ ನಡತೆಯನ್ನು ಮಾತ್ರ ನೋಡಿ ಮಾತೊಂದನ್ನೂ ಕೇಳದಿದ್ದರೆ, ಅವನು ಏನೆಂದು ತಿಳಿಯುವನು? ಇವನು ಒಳ್ಳೆಯವನೆಂದು ತಿಳಿಯುವನು. ಒಳ್ಳೆಯವರು ಎಲ್ಲಾ ಜನಾಂಗಗಳಲ್ಲಿಯೂ ಇದ್ದಾರೆ. ಅದನ್ನು ಒಪ್ಪದವನು ಕುರುಡನೇ. ಆದರೆ ಕ್ರೈಸ್ತನು ಹೇಳಬೇಕಾದದ್ದು ತಾನು ಒಳ್ಳೆಯವನೆಂದಲ್ಲ. ತಾನು ಕೆಟ್ಟವನಾಗಿದ್ದು ಕ್ಷಮೆ ಹೊಂದಿದವನೆಂದೇ. ಇದನ್ನು ನಡತೆಯೊಂದೇ ಹೇಳಲಾರದು. ಹೇಳುವದಕ್ಕೆ ಬಾಯಿ ಬೇಕು. ಮೌನವಾದ ಒಳ್ಳೇತನವು ಗೌರವವನ್ನೆಲ್ಲಾ ನಮಗೇ ತಂದುಕೊಟ್ಟು, ಆ ಗೌರವಕ್ಕೆ ಬಾಧ್ಯನಾದ ಒಡೆಯನ ಹೆಸರನ್ನು ಮರೆಮಾಡುವದುಂಟು.

ನ್ಯಾಯಸ್ಥಾನದಲ್ಲಿ ಸಾಕ್ಷಿಯ ಕೆಲಸವೇನು? ಕಂಡದ್ದನ್ನು ಹೇಳುವದು. ಬಾಯಿ ತೆರೆಯದ ಸಾಕ್ಷಿಯಿಂದ ಪ್ರಯೋಜನವಿಲ್ಲ. ಸುಳ್ಳುಗಾರನೆಂದು ಊರಿಗೆಲ್ಲಾ ಗೊತ್ತಾದ ಸಾಕ್ಷಿಯು ಎಷ್ಟು ಮಾತಾಡಿದರೂ ಪ್ರಯೋಜನವಿಲ್ಲ. ಮಾತು ನಡತೆಯ ಬದಲಿಗೆ ನಿಲ್ಲಲಾರದು, ನಡತೆಯು ಮಾತಿನ ಬದಲಿಗೆ ನಿಲ್ಲಲಾರದು.

ಇವೆರಡೂ ಒಬ್ಬ ಮನುಷ್ಯನಲ್ಲಿ ಹೇಗೆ ಕೂಡಿಬಂದವೆಂಬದಕ್ಕೆ ಒಂದು ನಿಜವಾದ ಚರಿತ್ರೆಯನ್ನು ಹೇಳುತ್ತೇವೆ. ಜಾನ್ ವುಲ್ಮನ್ ಎಂಬವನು ೧೭೨೦ರಲ್ಲಿ ಅಮೇರಿಕದ ನ್ಯೂ ಜೆರ್ಸಿ ಸೀಮೆಯಲ್ಲಿ ಹುಟ್ಟಿದನು. ಅವನು ಪಾದ್ರಿಯಲ್ಲ, ಪಂಡಿತನಲ್ಲ. ದರ್ಜಿಯ ಕೆಲಸ ಮಾಡುತ್ತಿದ್ದ ಒಬ್ಬ ಅಂಗಡಿಗಾರನು. ಕ್ವೇಕರ್ ಎಂದು ಹೆಸರಾದ ಸಭೆಗೆ ಸೇರಿದವನು. ಆ ಕಾಲದಲ್ಲಿ ಆ ದೇಶದಲ್ಲಿ ನೀಗ್ರೋ ಜನರನ್ನು ದನಗಳಂತೆ ಕೊಂಡು ಮಾರುವ ರೂಢಿಯಿತ್ತು. ಕ್ರೈಸ್ತರೆನಿಸಿಕೊಂಡವರು, ಅವನ ಸಭೆಯವರೇ ಸಹ, ಗುಲಾಮರನ್ನು ಇಟ್ಟುಕೊಂಡಿದ್ದರು. ವುಲ್ಮನನು ಯೌವನದಲ್ಲಿ ಒಬ್ಬ ವರ್ತಕನ ಬಳಿ ಗುಮಾಸ್ತನಾಗಿದ್ದಾಗ, ಯಜಮಾನನು ಒಬ್ಬ ಗುಲಾಮ ಸ್ತ್ರೀಯನ್ನು ಮಾರಿ, ಅದರ ಕ್ರಯಪತ್ರವನ್ನು ಬರೆಯೆಂದು ಅವನಿಗೆ ಹೇಳಿದನು. ಕೊಳ್ಳುವವನು ಎದುರಿಗೇ ಕಾದುಕೊಂಡಿದ್ದನು. ವುಲ್ಮನನ ಮನಸ್ಸು ಕಳವಳಗೊಂಡಿತು. ಆದರೂ ಅವನು ಬರೆದುಕೊಟ್ಟನು. ಬರೆದುಕೊಟ್ಟ ಮೇಲೆ, ಗುಲಾಮರನ್ನಿಟ್ಟುಕೊಳ್ಳುವದು ಕ್ರಿಸ್ತಮತಕ್ಕೆ ಒಪ್ಪದ ಕೆಲಸವೆಂದು ತನಗೆ ತೋರುತ್ತದೆಂದು ಇಬ್ಬರ ಮುಂದೆಯೂ ಹೇಳಿದನು. ಬಾಯಿ ಒಂದು ಹೇಳಿತು, ಕೈ ಇನ್ನೊಂದನ್ನು ಮಾಡಿತು. ಆ ನೋವು ಅವನನ್ನು ಬಿಡಲಿಲ್ಲ. ಮುಂದೆ ಇನ್ನೊಬ್ಬನು ಅಂಥದೇ ಪತ್ರ ಬರೆಯಲು ಕೇಳಿದಾಗ ಅವನು ಒಪ್ಪಲಿಲ್ಲ.

ಕೆಲವು ಕಾಲದ ಮೇಲೆ, ಪೆಟ್ಟು ತಿಂದು ಮಲಗಿದ್ದ ಒಬ್ಬ ನೆರೆಯವನು ತನ್ನ ಮರಣಶಾಸನವನ್ನು ಬರೆಯಬೇಕೆಂದು ಅವನನ್ನು ಕೇಳಿಕೊಂಡನು. ಆ ಮನುಷ್ಯನು ತನ್ನ ಆಸ್ತಿಯನ್ನು ಹಂಚುತ್ತಾ, ಒಬ್ಬ ಗುಲಾಮಳನ್ನು ತನ್ನ ಮಕ್ಕಳಲ್ಲಿ ಒಬ್ಬರಿಗೆ ಕೊಟ್ಟನು. ವುಲ್ಮನನು ಉಳಿದದ್ದನ್ನೆಲ್ಲಾ ಬರೆದು, ಆ ಒಂದು ಭಾಗವನ್ನು ಮಾತ್ರ ಬಿಟ್ಟು, ಹಾಳೆಯನ್ನು ಹಾಸಿಗೆಯ ಬಳಿಗೆ ತಂದನು. ಇದನ್ನು ಬರೆಯಲು ನನ್ನ ಮನಸ್ಸಾಕ್ಷಿ ಒಪ್ಪುವದಿಲ್ಲವೆಂದು ಸ್ನೇಹದಿಂದ ತಿಳಿಸಿದನು. ಬರೆದದ್ದಕ್ಕೆ ಕೂಲಿಯನ್ನೂ ಕೇಳಲಿಲ್ಲ. ಇಬ್ಬರೂ ಗಂಭೀರವಾಗಿ ಮಾತಾಡಿದರು. ಕಡೆಗೆ ಆ ರೋಗಿಯು ಅವಳನ್ನು ಬಿಡುಗಡೆ ಮಾಡಲು ಒಪ್ಪಿದನು; ಆಗ ವುಲ್ಮನನು ಶಾಸನವನ್ನು ಪೂರ್ತಿಮಾಡಿಕೊಟ್ಟನು. ನೋಡಿರಿ, ಇಲ್ಲಿ ಲೇಖನಿಯನ್ನು ಕೆಳಗಿಟ್ಟ ಕೈ ಇಲ್ಲದಿದ್ದರೆ ಬಾಯಿಯ ಮಾತಿಗೆ ತೂಕವಿರುತ್ತಿರಲಿಲ್ಲ; ಸ್ನೇಹದ ಮಾತು ಇಲ್ಲದಿದ್ದರೆ ಕೈಯ ನಿರಾಕರಣೆಯು ಬರೀ ಅವಮಾನವಾಗುತ್ತಿತ್ತು.

ಅವನು ಗುಲಾಮರನ್ನು ಇಟ್ಟುಕೊಂಡವರ ಮನೆಗಳಿಗೆ ತಾನೇ ಹೋಗಿ ಅವರೊಂದಿಗೆ ಮಾತಾಡಿದನು. ೧೭೫೭ರ ಪ್ರಯಾಣದಲ್ಲಿ, ಅಂಥ ಮನೆಗಳಲ್ಲಿ ಇಳಿದುಕೊಂಡಾಗ ಗುಲಾಮರ ಸೇವೆಯನ್ನು ಪುಕ್ಕಟೆಯಾಗಿ ಪಡೆಯಲು ಮನಸ್ಸಿಲ್ಲದೆ, ಅವರಿಗೆ ಹಣವು ಸಲ್ಲುವಂತೆ ಮಾಡಿದನು. ತನ್ನ ಅಂಗಡಿಯ ವ್ಯಾಪಾರವು ಬೆಳೆದು ಮನಸ್ಸನ್ನು ನುಂಗಲಾರಂಭಿಸಿದಾಗ, ಅದನ್ನು ತಾನಾಗಿಯೇ ಕಡಿಮೆ ಮಾಡಿ, ಹೊಲಿಗೆಯ ಕೆಲಸಕ್ಕೆ ಹಿಂದಿರುಗಿದನು. ೧೭೭೨ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡನು. ಅವನ ಕಣ್ಣು ಮುಚ್ಚಿ ನಾಲ್ಕು ವರುಷಗಳಾದ ಮೇಲೆ, ೧೭೭೬ರಲ್ಲಿ, ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು ತನ್ನವರಲ್ಲಿ ಯಾರೂ ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ನಿರ್ಣಯಿಸಿತು. ಅವನೊಬ್ಬನಿಂದಲೇ ಇದು ಆಯಿತೆಂದು ನಾವು ಹೇಳುವದಿಲ್ಲ, ಅನೇಕರು ದುಡಿದರು. ಆದರೆ ಈ ಚರಿತ್ರೆಯಲ್ಲಿ ನಮ್ಮ ಪ್ರಶ್ನೆಗೆ ಉತ್ತರವಾಗುವ ಸಂಗತಿ ಒಂದುಂಟು. ಮೊದಲನೆಯ ಕ್ರಯಪತ್ರವನ್ನು ತಾನೇ ಬರೆದೆನೆಂಬದು ನಮಗೆ ಹೇಗೆ ಗೊತ್ತು? ಅವನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವನು ತನ್ನ ತಪ್ಪನ್ನು ಮುಚ್ಚಿಟ್ಟು ಸಾಕ್ಷಿ ಹೇಳಲಿಲ್ಲ; ತಪ್ಪು ಇತ್ತೆಂದು ಸುಮ್ಮನೆಯೂ ಕೂಡ್ರಲಿಲ್ಲ; ಅದನ್ನು ಒಪ್ಪಿಕೊಂಡು, ಅಲ್ಲಿಂದ ಮುಂದಕ್ಕೆ ನಡೆದನು.

ದೂರದ ದೇಶದ ಮಾತು ಸಾಕೆನ್ನುವಿರೋ? ನಮ್ಮ ಸೀಮೆಗೆ ಬರೋಣ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಕ್ರಿಸ್ತನನ್ನು ನಂಬಿದವರಲ್ಲಿ ಅನೇಕರು ಮನೆಯನ್ನೂ ಕುಲದ ಕಸಬನ್ನೂ ಕಳೆದುಕೊಂಡು ಅನ್ನಕ್ಕೆ ಕಷ್ಟಪಡುವಂತಾಯಿತು. ಅವರನ್ನು ಧರ್ಮದ ಅನ್ನದಿಂದ ಸಾಕುವದು ಅವರಿಗೂ ಒಳ್ಳೇದಲ್ಲ, ಸಭೆಗೂ ಒಳ್ಳೇದಲ್ಲವೆಂದು ತಿಳಿದು, ಮಿಶನಿನವರು ಕೈಕೆಲಸಗಳನ್ನು ಕಲಿಸಿದರು. ೧೮೪೧ರಲ್ಲಿ ಅಚ್ಚುಕೂಟವು ಹುಟ್ಟಿತು. ಬಳಿಕ ನೇಯಿಗೆ ಬಂತು. ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯು ಆರಂಭವಾಯಿತು. ಮೊದಲನೆಯ ಮಹಾಯುದ್ಧದ ಕಾಲದ ತರುವಾಯ ಆ ಕಾರ್ಖಾನೆಗಳು ಮಿಶನಿನ ಕೈಬಿಟ್ಟು ಹೋದವು. ಆದರೂ ಕರಾವಳಿಯ ಹಳೆಯ ಮನೆಗಳ ಮಾಡಿನ ಮೇಲೆ ಆ ಹೆಂಚುಗಳನ್ನು ಇಂದಿಗೂ ಕಾಣಬಹುದು. ಹೆಂಚಿನ ಮೇಲೆ ಮಾಡಿದವರ ಹೆಸರು ಒತ್ತಿರುತ್ತದೆ. ಆ ಹೆಸರನ್ನು ಓದುವವರು ಕೊಂಚ ಮಂದಿ. ಮಳೆಗಾಲವಾದರೋ ಪ್ರತಿಯೊಂದು ಹೆಂಚನ್ನೂ ಪರೀಕ್ಷಿಸುತ್ತದೆ. ಮಣ್ಣನ್ನು ಸರಿಯಾಗಿ ಹದಮಾಡದೆ, ಆವಿಗೆಯಲ್ಲಿ ಸರಿಯಾಗಿ ಬೇಯಿಸದೆ, ಹೆಸರನ್ನು ಮಾತ್ರ ಚಂದವಾಗಿ ಒತ್ತಿದ್ದರೆ, ಆ ಹೆಸರೇ ಆ ಕಾರ್ಖಾನೆಗೆ ಅಪಕೀರ್ತಿಯಾಗುತ್ತಿತ್ತು. ದೀಕ್ಷಾಸ್ನಾನದಲ್ಲಿ ನಮ್ಮ ಮೇಲೆಯೂ ಒಂದು ಹೆಸರು ಒತ್ತಲ್ಪಟ್ಟಿದೆಯಲ್ಲವೇ? ನಮ್ಮ ಕೆಳಗೆ ಆಶ್ರಯ ಹುಡುಕಿ ಬಂದವರು ಮಳೆಯಲ್ಲಿ ನೆನೆಯುವಂತಾದರೆ ಯಾರ ಹೆಸರಿಗೆ ನಿಂದೆ?

ಸತ್ಯವೇದದಲ್ಲಿ ಎರಡನೆಯ ಅರಸುಗಳ ಐದನೆಯ ಅಧ್ಯಾಯವನ್ನು ಈ ತಿಂಗಳು ನಿಮ್ಮ ಕುಟುಂಬಪ್ರಾರ್ಥನೆಯಲ್ಲಿ ಒಂದು ಸಾರಿ ಓದಿರೆಂದು ಬೇಡುತ್ತೇವೆ. ಅಲ್ಲಿ ಇಬ್ಬರು ಸೇವಕರಿದ್ದಾರೆ. ಒಬ್ಬಳು ಸೆರೆಯಾಗಿ ಒಯ್ಯಲ್ಪಟ್ಟ ಚಿಕ್ಕ ಹುಡುಗಿ. ಅವಳ ಹೆಸರು ಸಹ ಬರೆಯಲ್ಪಟ್ಟಿಲ್ಲ. ತನ್ನನ್ನು ಮನೆಮಾರಿನಿಂದ ಅಗಲಿಸಿದ ಜನರ ಸೇನಾಪತಿಯಾದ ನಾಮಾನನು ಕುಷ್ಠರೋಗದಿಂದ ನರಳುವದನ್ನು ನೋಡಿ ಅವಳು ಸಂತೋಷಪಡಲಿಲ್ಲ. ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಹೋದರೆ ವಾಸಿಯಾದೀತೆಂದು ಯಜಮಾನಿಗೆ ಒಂದೇ ಮಾತು ಹೇಳಿದಳು. ಆ ಮನೆಯವರು ದಾಸಿಯ ಮಾತನ್ನು ನಂಬಿದರು. ದಿನನಿತ್ಯದ ಕೆಲಸದಲ್ಲಿ ಅವಳು ಸುಳ್ಳುಗಾತಿಯೂ ಸೋಮಾರಿಯೂ ಆಗಿದ್ದರೆ ನಂಬುತ್ತಿದ್ದರೋ? ಇನ್ನೊಬ್ಬನು ಗೇಹಜಿಯು. ಇವನು ಪ್ರವಾದಿಯ ಮನೆಯಲ್ಲಿಯೇ ಇದ್ದವನು, ಅದ್ಭುತಗಳನ್ನು ಕಣ್ಣಾರೆ ಕಂಡವನು. ವಾಸಿಯಾದ ನಾಮಾನನಿಂದ ಎಲೀಷನು ಒಂದನ್ನೂ ತೆಗೆದುಕೊಳ್ಳಲಿಲ್ಲ. ದೇವರ ಕೃಪೆಯು ಕ್ರಯಕ್ಕೆ ಸಿಕ್ಕುವ ಸರಕಲ್ಲವೆಂದು ಆ ಪರದೇಶಿಯು ತಿಳಿಯಬೇಕಾಗಿತ್ತು. ಗೇಹಜಿಯಾದರೋ ಹಿಂದಿನಿಂದ ಓಡಿಹೋಗಿ, ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿಯನ್ನೂ ಎರಡು ಜೊತೆ ಬಟ್ಟೆಯನ್ನೂ ತಂದು ಮನೆಯಲ್ಲಿ ಅಡಗಿಸಿಟ್ಟನು. ಏನೂ ಇಲ್ಲದ ಸೆರೆಯಾಳು ಕಟ್ಟಿದ್ದನ್ನು ಪ್ರವಾದಿಯ ಮನೆಯ ಆಳು ಕೆಡವಿದನು. ಇಂದಿಗೂ ಸುವಾರ್ತೆಗೆ ಹೊರಗಿನ ವೈರಿಗಳಿಂದ ಆಗುವ ಅಡ್ಡಿಗಿಂತ ಗೇಹಜಿಯಂಥವರಿಂದ ಆಗುವ ಅಡ್ಡಿಯು ಹೆಚ್ಚೆಂದು ನಾವು ಭಯಪಡುತ್ತೇವೆ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು ಬೇಕು. ನೆರೆಯವರನ್ನು ನಮ್ಮ ಸಭೆಗೆ ಎಳೆಯಬೇಕೆಂಬ ಉದ್ದೇಶದಿಂದ ಮಾತ್ರ ಒಳ್ಳೇದನ್ನು ಮಾಡುವವರಿದ್ದಾರೆ. ಗಾಳದ ತುದಿಗೆ ಎರೆಯನ್ನು ಸಿಕ್ಕಿಸುವವನು ಮೀನನ್ನು ಪ್ರೀತಿಸುತ್ತಾನೆಂದು ಯಾರೂ ಅನ್ನುವದಿಲ್ಲ. ನಮ್ಮ ಕರ್ತನು ಹತ್ತು ಮಂದಿ ಕುಷ್ಠರೋಗಿಗಳನ್ನು ವಾಸಿಮಾಡಿದನು. ತಿರುಗಿ ಬಂದವನು ಒಬ್ಬನೇ. ಬಾರದ ಒಂಬತ್ತು ಮಂದಿಯಿಂದ ಅವನು ಸ್ವಸ್ಥತೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೆಯೇ ನಾವು ಸಾಲ ತೀರಿಸುವದು ಸಾಲವು ತೀರಿಸತಕ್ಕದ್ದಾದ್ದರಿಂದ. ಹಸಿದವನಿಗೆ ಉಣಿಸುವದು ಅವನು ಹಸಿದಿರುವದರಿಂದ. ಅವನು ನಮ್ಮ ನಂಬಿಕೆಯನ್ನು ಒಪ್ಪಿದರೂ ಒಪ್ಪದಿದ್ದರೂ ನಮ್ಮ ಪ್ರೀತಿಯು ಕುಗ್ಗಬಾರದು. ನಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕೆಂದು ಪೇತ್ರನು ಬರೆದಾಗ, ಅದನ್ನು ಸಾತ್ವಿಕತ್ವದಿಂದಲೂ ಮರ್ಯಾದೆಯಿಂದಲೂ ಹೇಳಬೇಕೆಂದು ಕೂಡಿಸಿದನು. ಕೇಳುವವನು ಮೊದಲು ಕೇಳಬೇಕೆಂದು ಮನಸ್ಸುಪಡುವಂತೆ ಬದುಕುವದು ನಮ್ಮ ಪಾಲು. ಕೇಳಿದಾಗ ನಾಚದೆ ಹೇಳುವದು ನಮ್ಮ ಪಾಲು. ಹೃದಯವನ್ನು ತೆರೆಯುವದು ದೇವರ ಪಾಲು. ಆತನ ಪಾಲನ್ನು ನಾವು ಕಸುಕೊಳ್ಳಬಾರದು.

ಹಾಗಾದರೆ ಕುಂದುಳ್ಳವನು ಏನು ಮಾಡಬೇಕು? ಜಕ್ಕಾಯನನ್ನು ನೋಡಿರಿ. ಕರ್ತನು ತನ್ನ ಮನೆಗೆ ಬಂದ ದಿನ ಅವನು ಉಪದೇಶ ಮಾಡಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಅನ್ಯಾಯದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವೆನೆಂದೂ ಎಲ್ಲರ ಮುಂದೆ ಹೇಳಿದನು. ಅದೇ ಅವನ ಸಾಕ್ಷಿ. ಬಾಯಿಯೂ ಕೈಯೂ ಅಲ್ಲಿ ಒಂದಾದವು. ಹಾಗಾದರೆ ಕುಂದು ತೀರುವ ತನಕ ಮೌನವಾಗಿರಬೇಕೆಂಬದು ಸರಿಯಲ್ಲ. ಕುಂದನ್ನು ಮುಚ್ಚಿಟ್ಟು ಮಾತಾಡಬೇಕೆಂಬದೂ ಸರಿಯಲ್ಲ. ಕುಂದುಳ್ಳವನ ಮೊದಲನೆಯ ಸಾಕ್ಷಿಯು ತಪ್ಪೊಪ್ಪಿಕೊಳ್ಳುವದೇ. ಎರಡನೆಯದು ತಿರುಗಿ ಕೊಡುವದು. ಈ ಎರಡನ್ನು ಮಾಡಿದವನು ಮೂರನೆಯ ಮಾತನ್ನು ಆಡಿದರೆ ಊರವರು ಕಿವಿಗೊಡುವರು.

ಆ ಸಂತೆಯ ದಿನದ ರಾತ್ರಿ ನಾವು ಆ ಹಾಡುವ ಸಹೋದರನ ಮನೆಗೆ ಹೋದೆವು. ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡೆವು: ಗೊತ್ತಿದ್ದೂ ಕೇಳದೆ ಬಿಟ್ಟೆವೆಂದು ಹೇಳಿದೆವು. ಅವನು ಮೊದಲು ಸಿಟ್ಟಾದನು. ಬೆಳೆ ಕೆಟ್ಟದ್ದನ್ನೂ, ಮಗಳ ಮದುವೆಯ ಸಾಲವನ್ನೂ ಹೇಳಿದನು. ಅವು ಸುಳ್ಳಲ್ಲ. ಬಡತನವು ಎಷ್ಟೋ ಸಾರಿ ಪ್ರಾಮಾಣಿಕನನ್ನೂ ಸಾಲಗಾರನನ್ನಾಗಿ ಮಾಡುವದು, ಸಾಲವಿರುವದೇ ಪಾಪವಲ್ಲ. ಆದರೆ ಇಂದು ನಾಳೆ ಎಂದು ಸುಳ್ಳು ಹೇಳುತ್ತಾ, ಎದುರಿಗೆ ಬಂದಾಗ ಬೇರೆ ದಾರಿ ಹಿಡಿಯುವದು ಪಾಪವೇ. ನಾವು ಬಹಳ ಹೊತ್ತು ಕೂತು, ಪ್ರಾರ್ಥನೆ ಮಾಡಿ ಎದ್ದೆವು. ಎರಡು ದಿನಗಳಾದ ಮೇಲೆ ಅವನು ತಾನಾಗಿಯೇ ಆ ಹಿರಿಯನ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಮಂದಿಯ ಮುಂದೆ, “ಗೌಡರೇ, ನಾನು ನಿಮಗೆ ಸುಳ್ಳು ಹೇಳುತ್ತಾ ಬಂದೆ. ಈಗ ಇಷ್ಟು ತಂದಿದ್ದೇನೆ, ಉಳಿದದ್ದಕ್ಕೆ ನಿಮ್ಮ ಹೊಲದಲ್ಲಿ ದುಡಿಯುತ್ತೇನೆ” ಎಂದನು. ಹಾಗೆಯೇ ಆ ಸುಗ್ಗಿಯಲ್ಲಿ ದುಡಿದು ತೀರಿಸಿದನು. ಆ ವರುಷದ ಬೆಳೆಹಬ್ಬದಲ್ಲಿ ಅವನು ತಂದದ್ದು ಚೀಲವಲ್ಲ, ಒಂದು ಮೊರದಷ್ಟು ಜೋಳ. ಆ ಮೊರವು ನಮಗೆ ಹಿಂದಿನ ಚೀಲಕ್ಕಿಂತ ಭಾರವಾಗಿ ಕಂಡಿತು.

ಆ ಹಿರಿಯನು ನಮ್ಮ ಸಭೆಗೆ ಸೇರಿದನೋ ಎಂದು ಕೇಳುವಿರಿ. ಸೇರಲಿಲ್ಲ. ಆದರೆ ಮರುವರುಷ ಅವನ ಮನೆಯ ಕಣದಲ್ಲಿ ಅಣ್ಣತಮ್ಮಂದಿರ ಪಾಲಿನ ಕಾಳನ್ನು ಅಳೆಯಬೇಕಾದಾಗ, ಅಳೆಯುವದಕ್ಕೆ ಯಾರನ್ನು ಕರೆಯಬೇಕೆಂಬ ಮಾತು ಬಂತು. ಅವನು ನಮ್ಮ ಹಾಡುವ ಸಹೋದರನನ್ನೇ ಕರೆಕಳುಹಿಸಿದನು. ಅಳತೆ ಮುಗಿದ ಮೇಲೆ, “ನಿನಗೆ ಆ ದಿನ ನನ್ನ ಮನೆಗೆ ಬರುವ ಧೈರ್ಯ ಎಲ್ಲಿಂದ ಬಂತು?” ಎಂದು ಕೇಳಿದನಂತೆ. ಅವರಿಬ್ಬರೂ ಆ ಸಂಜೆ ಕಣದಲ್ಲಿ ಏನು ಮಾತಾಡಿಕೊಂಡರೋ, ಅದನ್ನು ನಾವು ವಿಚಾರಿಸಲಿಲ್ಲ. ಕೇಳಿದವನು ಅವನು, ಉತ್ತರ ಕೊಟ್ಟವನು ಇವನು. ಉಳಿದದ್ದನ್ನು ಬಲ್ಲವನು ದೇವರು.

ಪ್ರಿಯರೇ, ಈ ಪತ್ರಿಕೆಯನ್ನು ಮಡಿಸಿ ಇಡುವ ಮುಂಚೆ ಪ್ರತಿಯೊಬ್ಬರೂ ಒಂದು ಸಂಗತಿಯನ್ನು ನೆನಸಿರಿ. ನಿಮ್ಮ ಊರಿನಲ್ಲಿ ಯಾರ ಮನೆಯ ಮುಂದೆ ನಡೆಯುವಾಗ ನಿಮ್ಮ ಹೆಜ್ಜೆ ತಾನಾಗಿಯೇ ಬೇಗನೆ ಹೋಗುತ್ತದೆ? ಸಾಲವೋ, ಕೂಲಿಯೋ, ಬದುವಿನ ಜಗಳವೋ, ಆಡಿದ ಕಠಿನವಾದ ಮಾತೋ, ಏನಾದರೂ ಅಲ್ಲಿ ಕಾದಿರಬಹುದು. ಅಲ್ಲಿಗೆ ಹೋಗಿರಿ. ಸುವಾರ್ತೆಯನ್ನು ಸಾರುವದಕ್ಕೆ ಬಹುದೂರ ಹೋಗಬೇಕೆಂದು ನೀವು ಎಣಿಸಿರಬಹುದು. ಅನೇಕರಿಗೆ ಆ ಪ್ರಯಾಣವು ಎರಡು ಮನೆಗಳಾಚೆಯ ಬಾಗಿಲಿನಲ್ಲಿ ಆರಂಭವಾಗುತ್ತದೆ. ಆ ಬಾಗಿಲನ್ನು ತಟ್ಟುವ ಧೈರ್ಯವನ್ನು ಕರ್ತನು ನಿಮಗೂ ನಮಗೂ ಅನುಗ್ರಹಿಸಲಿ.